ಒಳಗಿನ ಕಂಪ್ಯೂಟರು, ಹೊರಗಿನ ಕಂಪ್ಯೂಟರು ಮತ್ತು ತಂಗಿಯ ಲಗ್ನಪತ್ರ

ಕಂಪ್ಯೂಟರಿನ ಒಳಗೆ ಇನ್ನೊಂದು ಕಂಪ್ಯೂಟರ್ ಇರುತ್ತದೆ ಎಂದು ಯಾರಾದರೂ ಹೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಇದ್ದರೆ ಇರಲಿ, ನನಗೇನು ಎಂದು ಸುಮ್ಮನಿರಬಹುದಿತ್ತು. ಆದರೆ ಎರಡು ಸಾವಿರದ ಏಳೋ ಎಂಟೋ, ಆ ಬೇಸಿಗೆಯಲ್ಲಿ ಅಂಥದೊಂದು ನನ್ನ ಅಂಗಡಿಗೇ ಬಂದು ಕುಳಿತು, ತಂಗಿಯ ಲಗ್ನದ ಹೊತ್ತಿನಲ್ಲಿ ನನ್ನನ್ನು ಹುಚ್ಚಿಯ ಹಾಗೆ ಕುಣಿಸಿತು. ಯಾವುದು ಒಳಗೆ, ಯಾವುದು ಹೊರಗೆ, ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದು ನನಗೆ ಆಗಲೂ ಸರಿಯಾಗಿ ತಿಳಿಯಲಿಲ್ಲ. ಈಗ ಪೂರ್ತಿ ತಿಳಿದಿದೆ ಅಂತಲೂ ಹೇಳಲಾರೆ.

ಧಾರವಾಡದ ಮಾರ್ಕೆಟ್ಟಿನ ಹಿಂದೆ, ಹಿಟ್ಟಿನ ಗಿರಣಿಯ ಪಕ್ಕದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರ, ಮಕ್ಕಳ ಮೊದಲ ಕೂದಲು ತೆಗೆಸುವ ಜವಳದ ಕಾರ್ಡು, ಸಾಲೆಯ ಪ್ರಶ್ನೆಪತ್ರಿಕೆ, ಯಾರೋ ಬರೆದ ಭಜನೆ ಪದಗಳ ಪುಸ್ತಕ, ಹೀಗೆ ಬಂದದ್ದನ್ನು ಕನ್ನಡದಲ್ಲಿ ಟೈಪು ಮಾಡಿ, ಅಂದವಾಗಿ ಜೋಡಿಸಿ, ಲೇಸರ್ ಪ್ರಿಂಟು ತೆಗೆದುಕೊಡುವುದು ನನ್ನ ಕೆಲಸ. ಆ ಪ್ರಿಂಟನ್ನು ಹುಬ್ಬಳ್ಳಿಯ ಪ್ರೆಸ್ಸಿಗೆ ಕೊಟ್ಟರೆ ಅವರು ಬೇಕಾದಷ್ಟು ಅಚ್ಚು ಹಾಕಿಕೊಡುತ್ತಿದ್ದರು. ಗಿರಣಿ ಶುರುವಾಯಿತೆಂದರೆ ಅಂಗಡಿಯ ತುಂಬ ಜೋಳದ ಹಿಟ್ಟು. ಕೀಬೋರ್ಡಿನ ಮೇಲೆ, ಕಾಗದದ ಮೇಲೆ, ನನ್ನ ತಲೆಗೂದಲ ಮೇಲೆ. ಗಿರಣಿಯವನ ಜೊತೆ ದಿನಾ ಜಗಳಾಡಿ, ದಿನಾ ಸೋತು, ಒಂದು ಬಟ್ಟೆ ಹಿಡಿದು ಒರೆಸುವುದನ್ನೇ ಅಭ್ಯಾಸ ಮಾಡಿಕೊಂಡಿದ್ದೆ.

ತಂಗಿಯ ಲಗ್ನ ಗೊತ್ತಾದದ್ದು ಆ ವರ್ಷ. ವರ ಧಾರವಾಡದ ಅಂಚಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ. ನನ್ನ ತವರು ಧಾರವಾಡದ ಹತ್ತಿರದ ಅಮ್ಮಿನಬಾವಿ. ಅಪ್ಪ ಹೊಲವನ್ನೂ ನೋಡಿಕೊಂಡು ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರವನ್ನೂ ಮಾಡುತ್ತಿದ್ದ. ಮಗಳದೇ ಅಂಗಡಿ ಇರುವಾಗ ಲಗ್ನಪತ್ರ ಬೇರೆಯವರ ಕಡೆ ಯಾಕೆ ಎಂದು ಒಂದು ಮಧ್ಯಾಹ್ನ ಬಸ್ಸು ಹತ್ತಿ ಬಂದು, ನನ್ನ ಪಕ್ಕದ ಕುರ್ಚಿಯಲ್ಲಿ ಟೊಪ್ಪಿಗೆ ತೆಗೆದಿಟ್ಟು ಕುಳಿತ. ಆಗಿನ್ನೂ ನನ್ನ ಹಳೆಯ ಕಂಪ್ಯೂಟರೇ ಇತ್ತು. ಅಪ್ಪ ಹೇಳುತ್ತ ಹೋದ, ನಾನು ಬಡಿಯುತ್ತ ಹೋದೆ. ಕೊನೆಗೆ ‘ತಮ್ಮ ಸುಖಾಗಮನವನ್ನು ಬಯಸುವವರು’ ಎಂಬ ಸಾಲು ಬಂತು.

ನಮ್ಮ ಕಡೆಯ ಲಗ್ನಪತ್ರಗಳಲ್ಲಿ ಅದರ ಕೆಳಗೆ ‘ಶ್ರೀಮತಿ ಮತ್ತು ಶ್ರೀ’ ಎಂದು ಬರೆದು ಗಂಡಸಿನ ಹೆಸರೊಂದನ್ನೇ ಹಾಕುವುದು ರೂಢಿ. ನಾನು ಹಾಗೆಯೇ ಟೈಪು ಮಾಡಿದೆ. ಅಪ್ಪ ತಡೆದ.

“ಅದ್ಯಾವ ಶ್ರೀಮತಿ?”

“ಅಂದ್ರ?”

“ಊರಾಗ ಶ್ರೀಮತಿಗೋಳು ಭಾಳ ಮಂದಿ ಅದಾರ. ನಿಮ್ಮವ್ವಗ ಒಂದ ಹೆಸರೈತಿಲ್ಲೋ? ನಿನ್ನ ಲಗ್ನಪತ್ರದಾಗೂ ಬಿಟ್ಟ ಹೋಗಿತ್ತು. ಆಮ್ಯಾಲ ನನಗ ಕೆಟ್ಟನಿಸ್ತು. ಮೊದಲ ಆಕಿ ಹೆಸರು ಹಾಕು. ನಾ ಆಕಿ ಹಿಂದ ನಿಂದರತೇನಿ.”

“ಕಾಕಾ ನೋಡಿದ್ರ ಸಿಟ್ಟಾಗ್ತಾನ್ನೋಡು,” ಅಂದೆ. ಕಾಕಾ ಅಂದರೆ ಅಪ್ಪನ ತಮ್ಮ.

“ಆಗ್ಲಿ ತಗೋ. ಅಂವಗ ಸಿಟ್ಟಾಗಾಕ ಏನರ ಬೇಕಲ್ಲ,” ಅಂತ ಅಪ್ಪ ನಕ್ಕ. “ನಿಮ್ಮವ್ವಗ ಈಗ ಹೇಳಬ್ಯಾಡ. ಅಚ್ಚಾಗಿ ಬಂದ ಮ್ಯಾಲ ತಾನ ಓದ್ಲಿ.”

ಅವ್ವನ ಹೆಸರು ಮೊದಲು, ಅಪ್ಪನ ಹೆಸರು ಅದರ ಹಿಂದೆ. ಎರಡರ ನಡುವೆ ‘ಹಾಗೂ’. ಅಪ್ಪ ಕನ್ನಡಕ ಏರಿಸಿ ನೋಡಿ, ಛಲೋ ಆತು ಅಂದ. ಮುಹೂರ್ತದ ವೇಳೆಯನ್ನು ಮಠದ ಅಯ್ಯನವರು ಇನ್ನೂ ನಿಕ್ಕಿ ಮಾಡಿರಲಿಲ್ಲವಾದ್ದರಿಂದ ಅಷ್ಟು ಜಾಗ ಖಾಲಿ ಬಿಟ್ಟು ಸೇವ್ ಮಾಡಿದೆ.

ಅದಾದ ಸ್ವಲ್ಪ ದಿನಕ್ಕೇ ಹಳೆಯ ಕಂಪ್ಯೂಟರ್ ಕೆಟ್ಟಿತು. ರಿಪೇರಿ ಮಾಡಲು ಹುಬ್ಬಳ್ಳಿಯಿಂದ ಬರುತ್ತಿದ್ದ ಹುಡುಗ, ಹುಡುಗನೇನು, ಮೀಸೆ ದಪ್ಪಗಿದ್ದ ಗಂಡಸೇ, ಡಬ್ಬಿ ಬಿಚ್ಚಿ ಊದಿದ. ಒಳಗಿಂದ ಹಿಟ್ಟು ಹಾರಿ ಅವನ ಮುಖಕ್ಕೇ ಬಂತು. “ರೊಟ್ಟಿ ಬಡೀಬಹುದ್ರಿ ಅಕ್ಕಾರ ಇದರಾಗ,” ಅಂದ. ಇದು ಮತ್ತೆ ಏಳುವುದಿಲ್ಲ, ಹೊಸದು ತಗೊಳ್ಳಿ ಎಂದ. ಹೊಸದು ಬಂತು. ಹೊಸದರಲ್ಲಿ ನನ್ನ ಹಳೆಯ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಏನು ಮಾಡಿದರೂ ನಡೆಯಲಿಲ್ಲ. ಆಗ ಅವನು ಎರಡು ದಿನ ಕುಳಿತು ಅದೇನೋ ಮಾಡಿದ. ಮಾಡಿ, ನನ್ನನ್ನು ಕರೆದು, ಬಹಳ ದೊಡ್ಡ ಕೆಲಸ ಮಾಡಿದವರ ಮುಖ ಮಾಡಿಕೊಂಡು ತೋರಿಸಿದ.

“ಇದು ಹೊಸಾ ಕಂಪ್ಯೂಟರ್ ರೀ. ಇದರ ಒಳಗ ಇನ್ನೊಂದು ಕಂಪ್ಯೂಟರ್ ಮಾಡೇನಿ. ಅದು ನಿಮ್ಮ ಹಳೇದು ಇದ್ದಂಗ. ನಿಮ್ಮ ಹಳೇ ಫೈಲ್ ಎಲ್ಲಾ ಅದರಾಗ ತುಂಬೇನಿ.”

ನೋಡಿದರೆ ಹೊಸ ಪರದೆಯ ನಡುವೆ ಒಂದು ಕಿಟಕಿ. ಆ ಕಿಟಕಿಯಲ್ಲಿ ನನ್ನ ಹಳೆಯ ಕಂಪ್ಯೂಟರಿನ ಪರದೆ, ಅದೇ ಬಣ್ಣ, ಅದೇ ಚಿತ್ರಗಳು. ಸತ್ತದ್ದು ಎದ್ದು ಬಂದ ಹಾಗೆ ಕಂಡು ನನಗೆ ಖುಷಿಯೇನೂ ಆಗಲಿಲ್ಲ, ಗಾಬರಿ ಆಯಿತು.

“ಎಲ್ಲೈತದು? ಡಬ್ಬಿ ಒಂದ ಐತಲ್ಲೋ?”

“ಖರೇ ಕಂಪ್ಯೂಟರ್ ಅಲ್ಲರೀ ಅದು.”

“ಹಂಗಾರ ಸುಳ್ಳೋ?”

“ಸುಳ್ಳೂ ಅಲ್ಲರೀ.”

ಪ್ರಿಂಟರು ಹೊರಗಿನ ಕಂಪ್ಯೂಟರಿಗೆ ಮಾತ್ರ ಕಾಣುತ್ತದಂತೆ, ಒಳಗಿನದಕ್ಕೆ ಕಾಣುವುದಿಲ್ಲವಂತೆ. ಕನ್ನಡ ಟೈಪು ಒಳಗೆ ಮಾತ್ರ ಆಗುತ್ತದಂತೆ, ಹೊರಗೆ ಆಗುವುದಿಲ್ಲವಂತೆ. ಒಳಗೆ ಅಡುಗೆ, ಹೊರಗೆ ಊಟ. ಹಾಗಾದರೆ ಒಳಗಿನದು ಹೊರಗೆ ಬರುವುದು ಹೇಗೆ? ಅದಕ್ಕೆಂದು ಅವನು ಒಂದು ಫೋಲ್ಡರ್ ಮಾಡಿದ್ದ. ಅದು ಹೊರಗಿನ ಕಂಪ್ಯೂಟರಿನದು, ಆದರೆ ಒಳಗಿನದಕ್ಕೂ ಝಡ್ ಎಂಬ ಹೆಸರಿನಲ್ಲಿ ಕಾಣುತ್ತಿತ್ತು. ಅಲ್ಲಿಟ್ಟದ್ದು ಎರಡಕ್ಕೂ ಸಿಗುತ್ತದೆ ಅಂದ. ನಾನು ಒಳಗೆ ಟೈಪು ಮಾಡಿ, ಪಿಡಿಎಫ್ ಮಾಡಿ ಝಡ್‌ನಲ್ಲಿ ಹಾಕಬೇಕು, ಆಮೇಲೆ ಕಿಟಕಿಯಿಂದ ಹೊರಗೆ ಬಂದು ಅದನ್ನು ತೆಗೆದು ಪ್ರಿಂಟ್ ಕೊಡಬೇಕು. ಒಮ್ಮೆ ಟೈಪು ಮಾಡಿದ ಮೂಲ ಫೈಲನ್ನೇ ಹೊರಗೆ ತಂದು ತೆರೆದು ನೋಡಿದೆ. ಕನ್ನಡದ ಒಂದಕ್ಷರವಿಲ್ಲ! ಬರೀ ಬಾಣ, ಚುಕ್ಕಿ, ಹರಿದ ಇಂಗ್ಲಿಷು. ಒಳಗೆ ಹೋಗಿ ನೋಡಿದರೆ ಎಲ್ಲ ನೆಟ್ಟಗೆ ಇದೆ. ಹೊರಗಿನದಕ್ಕೆ ಆ ಹಳೆಯ ಲಿಪಿ ಬರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ತಲೆ ಕೆಟ್ಟು ಗೊಬ್ಬರವಾಯಿತು.

ರಿಪೇರಿಯವನು ಇದನ್ನೆಲ್ಲ ಹೇಳಿಕೊಡುತ್ತಿದ್ದ ದಿನ ಅಪ್ಪ ಹುಬ್ಬಳ್ಳಿಗೆ ಹೊರಟವನು ಹಾದಿಯಲ್ಲಿ ಇಳಿದು ಬಂದಿದ್ದ. ಗಿರ್ಮಿಟ್ ಕಟ್ಟಿಸಿಕೊಂಡು ಬಂದಿದ್ದ, ಮೂವರೂ ತಿಂದೆವು. ಝಡ್ ಫೋಲ್ಡರಿನ ಮಾತು ಅಪ್ಪನಿಗೆ ನನಗಿಂತ ಲಗೂ ತಿಳಿಯಿತು.

“ಅಡಗಿಮನಿಗೂ ಪಡಸಾಲಿಗೂ ನಡುವ ಕಿಂಡಿ ಇದ್ದಂಗಲ್ಲೋ ತಮ್ಮಾ? ಆಕಡಿಂದ ಚಾ ಇಟ್ರ ಈಕಡಿಂದ ತಗೋಳೂದು.”

“ಬರೋಬ್ಬರಿ ಹೇಳಿದ್ರಿ ಯಜಮಾನ್ರ!”

ಅಪ್ಪ ಆ ಕಿಟಕಿಯನ್ನೇ ಬಹಳ ಹೊತ್ತು ನೋಡಿದ. “ಆತು. ಒಳಗಿಂದಕ್ಕ ತಾ ಒಳಗ ಅದೇನಿ ಅನ್ನೂದು ಗೊತ್ತಿರ್ತೈತೇನು?”

“ಇಲ್ಲರೀ. ತಾನ ಕಂಪ್ಯೂಟರ್ ಅಂತ ತಿಳ್ಕೊಂಡಿರ್ತೈತಿ. ಹೊರಗ ಏನಾದ್ರೂ ಅದಕ್ಕ ಗೊತ್ತಾಗಂಗಿಲ್ಲ.”

“ಹಂಗಾರ ಅದು ಆರಾಮ ಐತಿ ಬಿಡು,” ಅಂತ ಅಪ್ಪ ಕೈ ಒರೆಸಿಕೊಂಡು ಎದ್ದ.

ಹೊರಡುವ ಮೊದಲು ರಿಪೇರಿಯವನು ಇನ್ನೊಂದು ಮಾತು ಹೇಳಿದ್ದ. ಒಳಗಿನದನ್ನು ಮುಚ್ಚುವಾಗ ಇಂಗ್ಲಿಷಿನಲ್ಲಿ ಏನೋ ಕೇಳುತ್ತದೆ, ಓದುತ್ತ ಕೂರಬೇಡಿ, ಎರಡನೆಯದಕ್ಕೆ ಟಿಕ್ ಹಚ್ಚಿ ಒತ್ತಿಬಿಡಿ, ಗಿರಾಕಿಗಳ ಪೆನ್‌ಡ್ರೈವಿನಿಂದ ವೈರಸ್ ಬಂದರೂ ನಿಲ್ಲುವುದಿಲ್ಲ ಎಂದು. ನನಗೆ ಅದು ಸಾಕಾಗಿತ್ತು. ವೈರಸ್ಸಿನಿಂದ ಹಿಂದೆ ಬಹಳ ಅನುಭವಿಸಿದ್ದೆ. ದಿನಾ ಎರಡನೆಯದಕ್ಕೆ ಟಿಕ್ ಹಚ್ಚಿ ಮನೆಗೆ ಹೋಗುತ್ತಿದ್ದೆ. ಬರುತ್ತಿದ್ದ ಕೆಲಸವೆಲ್ಲ ಕೂತಲ್ಲೇ ಮುಗಿಯುವ ಸಣ್ಣಪುಟ್ಟದ್ದು. ಟೈಪು ಮಾಡು, ಪ್ರಿಂಟ್ ತೆಗೆ, ಕೊಟ್ಟು ಕಳಿಸು. ಹಾಗಾಗಿ ಏನೂ ಅನುಮಾನ ಬರಲಿಲ್ಲ.

ಆ ವಾರವೇ ಅಪ್ಪ ಹೋದ. ಬೆಳಿಗ್ಗೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತವನು ಏಳಲಿಲ್ಲ. ಇದನ್ನು ಬರೆಯಲು ನನಗೆ ಇಷ್ಟು ವರ್ಷದ ಮೇಲೂ ಆಗುವುದಿಲ್ಲ, ಆದ್ದರಿಂದ ಇಷ್ಟೇ ಬರೆಯುತ್ತೇನೆ. ಹೊಲದಲ್ಲಿ ಮಣ್ಣು ಮಾಡಿ ಬಂದೆವು.

ಲಗ್ನ ಮುಂದೆ ಹೋಗುತ್ತದೆ ಎಂದುಕೊಂಡಿದ್ದೆ. ಹಿರಿಯರು ಕೂತು ಮಾತಾಡಿದರು. ಮಠದ ಅಯ್ಯನವರೂ ಬಂದಿದ್ದರು. ನಮ್ಮಲ್ಲಿ ಸೂತಕವಿಲ್ಲ, ಶರಣನಾದವನು ಲಿಂಗದಲ್ಲಿ ಬೆರೆತ, ಗೊತ್ತಾದ ಲಗ್ನ ನಿಲ್ಲಿಸುವುದು ಬೇಡ ಅಂದರು. ಬೀಗರೂ ಒಪ್ಪಿದರು. ಆಮೇಲೆ ಕಾಕಾ ನನ್ನನ್ನು ಹೊರಗೆ ಕರೆದು ಲಗ್ನಪತ್ರದ ಮಾತು ತೆಗೆದ. ಪತ್ರದ ಮೇಲ್ಭಾಗದಲ್ಲಿ ಅಪ್ಪನ ಹೆಸರು ಬರಬೇಕು, ಅದರ ಮುಂದೆ ‘ಲಿಂ.’ ಹಾಕಬೇಕು. ಲಿಂಗೈಕ್ಯರಾದವರ ಹೆಸರಿನ ಮುಂದೆ ನಮ್ಮವರು ಹಾಗೆ ಬರೆಯುತ್ತಾರೆ. ಕೆಳಗೆ ಬಯಸುವವರು ಎಂಬಲ್ಲಿ ಕಾಕಾ ಮತ್ತು ಅವನ ಹೆಂಡತಿ ಕಾಕು.

“ಅವ್ವಂದು?” ಅಂದೆ.

“ವೈನಿದು ಹೆಂಗ ಹಾಕೂದು? ಮುತ್ತೈದಿ ಇದ್ರ ಮಾತ ಬ್ಯಾರೆ ಇತ್ತು. ಶುಭಕಾರ್ಯದ ಪತ್ರ ಅದು.”

ನನ್ನ ಪಿತ್ತ ನೆತ್ತಿಗೇರಿತು. “ಸೂತಕ ಇಲ್ಲ ಅಂತ ಈಗ ಹೇಳಿದ್ರಿ. ಸಾವಿಗೆ ಇಲ್ಲದ ಸೂತಕ ಅವ್ವಗ ಎಲ್ಲಿಂದ ಬಂತು? ಅಪ್ಪ ತಾನ ಕುಂತು ಅವ್ವನ ಹೆಸರು ಬರಸ್ಯಾನ, ಅದೂ ಮೊದಲ.”

“ಆಗ ಅಂವ ಇದ್ದ,” ಅಂದ ಕಾಕಾ. ಅವನು ಕೆಟ್ಟವನಲ್ಲ. ಅಪ್ಪ ಹೋದ ದಿನದಿಂದ ಊಟ ನಿದ್ದೆ ಬಿಟ್ಟು ಲಗ್ನದ ಭಾರ ಹೊತ್ತು ಓಡಾಡುತ್ತಿದ್ದ. “ಎಲ್ಲೂ ಬರದಿಲ್ಲವಾ, ಆದ್ರ ನಡ್ಕೋತ ಬಂದೈತಿ. ನಾಕ ಮಂದಿ ಏನಂತಾರ ಅನ್ನೂದೂ ನೋಡಬೇಕಲ್ಲ. ಹಟಾ ಮಾಡಬ್ಯಾಡ.”

ಅವ್ವ ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಅಪ್ಪ ಬರೆಸಿದ್ದನ್ನು ಅವಳಿಗೆ ಹೇಳಬೇಕೆಂದು ಬಾಗಿಲ ತನಕ ಹೋದೆ. ಹೇಳಿ ಏನು ಮಾಡಲಿ? ಕೊಟ್ಟು ಕಿತ್ತುಕೊಂಡ ಹಾಗೆ ಆಗುತ್ತದೆ ಅನ್ನಿಸಿ ಹಿಂದಕ್ಕೆ ಬಂದೆ.

ಮತ್ತೆ ಅಂಗಡಿ ತೆರೆದ ದಿನ ಮೊದಲು ಮಾಡಿದ ಕೆಲಸವೇ ಅದು. ಒಳಗಿನ ಕಂಪ್ಯೂಟರ್ ತೆರೆದೆ, ಪತ್ರ ತೆರೆದೆ. ಅವ್ವನ ಹೆಸರು ಹಾಗೂ ಅಪ್ಪನ ಹೆಸರು, ಇಬ್ಬರೂ ಜೋಡಿಯಾಗಿ ನಿಂತಿದ್ದರು. ಇಬ್ಬರನ್ನೂ ಅಳಿಸಿದೆ. ಮೇಲೆ ಅಪ್ಪನ ಹೆಸರು ಬರೆದು ‘ಲಿಂ.’ ಎಂದು ಒತ್ತುವಾಗ ಬೆರಳು ಆಡಲಿಲ್ಲ. ಎಷ್ಟೋ ಮಂದಿಯ ಹೆಸರಿನ ಮುಂದೆ ಕಣ್ಣು ಮುಚ್ಚಿ ಒತ್ತಿದ ಅಕ್ಷರ ಅದು. ಕಡೆಗೆ ಒತ್ತಿದೆ, ಕಾಕಾ ಕಾಕುವಿನ ಹೆಸರು ಸೇರಿಸಿದೆ, ಸೇವ್ ಮಾಡಿದೆ. ಕಾಗದದ ಮೇಲೆ ಅದನ್ನು ನೋಡುವ ಧೈರ್ಯ ಅವತ್ತು ಇರಲಿಲ್ಲ. ಪ್ರಿಂಟು ನಾಳೆ ಎಂದುಕೊಂಡು, ಎರಡನೆಯದಕ್ಕೆ ಟಿಕ್ ಹಚ್ಚಿ ಮುಚ್ಚಿ, ಮನೆಗೆ ಹೋಗಿ ಅತ್ತೆ.

ಮರುದಿನ ತೆರೆದರೆ ‘ಲಿಂ.’ ಇಲ್ಲ. ಕೆಳಗೆ ಅವ್ವ ಹಾಗೂ ಅಪ್ಪ. ಕಾಕಾ ಇಲ್ಲ, ಕಾಕು ಇಲ್ಲ.

ಅಯ್ಯ ಶಿವನೇ ಅಂದೆ. ನಿನ್ನೆ ನಾನು ಮಾಡಿದೆನೋ, ಮಾಡಿದ ಹಾಗೆ ಅನ್ನಿಸಿತೋ? ಆ ದಿನಗಳಲ್ಲಿ ನನ್ನ ತಲೆ ನೆಟ್ಟಗಿರಲಿಲ್ಲ. ಹಾಲು ಕಾಯಲಿಕ್ಕಿಟ್ಟು ಮರೆಯುತ್ತಿದ್ದೆ, ಚಪ್ಪಲಿ ಅದಲುಬದಲು ಹಾಕಿಕೊಂಡು ಬಂದಿದ್ದೆ. ಸೇವ್ ಮಾಡುವುದನ್ನೂ ಮರೆತಿರಬೇಕು ಎಂದುಕೊಂಡು ಮತ್ತೆ ಅಪ್ಪನ ಹೆಸರಿನ ಮುಂದೆ ಅದನ್ನು ಬರೆದೆ. ಒಮ್ಮೆ ಬರೆದದ್ದೇ ಸಾಕಾಗಿತ್ತು ನನಗೆ. ಸೇವ್ ಒತ್ತಿದ್ದನ್ನು ಬಾಯಿಬಿಟ್ಟು ಹೇಳಿಕೊಂಡೆ, ‘ಸೇವ್ ಮಾಡೇನಿ, ಸೇವ್ ಮಾಡೇನಿ’ ಅಂತ. ಅಷ್ಟರಲ್ಲಿ ಭಜನೆ ಪುಸ್ತಕದವರು ಬಂದರು, ಪ್ರಿಂಟು ಉಳಿಯಿತು, ಸಂಜೆ ಮುಚ್ಚಿದೆ. ಮರುದಿನ ಮತ್ತೆ ಅದೇ! ಅಪ್ಪ ಅಲ್ಲೇ, ಅವ್ವನ ಹಿಂದೆ, ಆರಾಮಾಗಿ.

ಈಗ ಹೆದರಿಕೆಯೇ ಆಯಿತು. ಕೀಲಿ ಇದ್ದದ್ದು ನನ್ನ ಹತ್ತಿರ ಮಾತ್ರ. ಯಾರು ಬಂದು ಅಳಿಸುತ್ತಾರೆ? ದೆವ್ವ ಭೂತ ನಂಬುವವಳಲ್ಲ ನಾನು, ಆದರೂ ಅಪ್ಪನ ಕುರ್ಚಿಯ ಕಡೆ ಒಂದು ಸಲ ನೋಡಿದೆ. ನೋಡಿ ನನ್ನನ್ನೇ ಬೈದುಕೊಂಡೆ.

ಅವತ್ತೇ ಕಾಕಾ ಬರಬೇಕೆ? ಪ್ರೆಸ್ಸಿಗೆ ಕೊಡುವ ಪ್ರಿಂಟ್ ಒಯ್ಯಲು ಬಂದವನು ನನ್ನ ಹಿಂದೆ ನಿಂತು ಪರದೆ ನೋಡಿದ. ಅವನ ಮುಖ ಕೆಂಪಾಯಿತು.

“ಏನವಾ ಇದು? ನಾ ಹೇಳಿದ್ದೇನು, ನೀ ಮಾಡಿದ್ದೇನು?”

“ಕಾಕಾ, ನಾ ಬದಲಾಯ್ಸಿದ್ದೆ. ತಾನ ಹಳೇದಾಗೈತಿ.”

“ತಾನ? ತಾನ ಹೆಂಗಾಗ್ತೈತಿ? ಕಾಗದಾ ತಾನ ತನ್ನಷ್ಟಕ್ಕ ಹೆಸರು ಬರಕೋತೈತೇನು? ಅವತ್ತ ಅಷ್ಟ ವಾದಾ ಮಾಡಿದಿ, ಈಗ ಹಟಾ ಹಿಡದಿ. ಸೀದಾ ಹೇಳು.”

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ಅವನ ಕಣ್ಣೆದುರಿಗೇ ಎಲ್ಲ ಮತ್ತೆ ಬದಲಾಯಿಸಿದೆ. ‘ಲಿಂ.’ ಬರೆದೆ, ಅವ್ವನ ಹೆಸರು ತೆಗೆದೆ. ನೋಡು, ಸೇವ್ ಮಾಡೇನಿ ಎಂದು ತೋರಿಸಿದೆ. ಇನ್ನೇನು ಪಿಡಿಎಫ್ ಮಾಡಬೇಕು, ಕರೆಂಟು ಹೋಯಿತು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಕೇಳಬಾರದು. ಲೇಸರ್ ಪ್ರಿಂಟರು ಯುಪಿಎಸ್ ಮೇಲೆ ನಡೆಯುವುದಿಲ್ಲ. ಯುಪಿಎಸ್ ಕುಂಯ್ ಕುಂಯ್ ಅನ್ನತೊಡಗಿತು. ಅದು ಸಾಯುವ ಮೊದಲು ಮುಚ್ಚಬೇಕೆಂದು ಗಡಿಬಿಡಿಯಿಂದ ಮುಚ್ಚಿದೆ. ಎರಡನೆಯದಕ್ಕೆ ಟಿಕ್. ಕಾಕಾ, “ನಾಳೆ ಬರ್ತೇನಿ, ತಯಾರ ಇಡು,” ಎಂದು ಹೋದ.

ಮರುದಿನ ಬಂದಾಗ ಅವನ ಜೊತೆ ಅವ್ವನೂ ಇದ್ದಳು. ಅಪ್ಪ ಹೋದಮೇಲೆ ಅವಳು ಮನೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ನನ್ನ ಹಟ ಬಿಡಿಸಲು ಕಾಕಾ ಅವಳನ್ನು ಕರೆತಂದಿದ್ದ. ಅಷ್ಟರಲ್ಲಿ ನಾನು ಪತ್ರ ತೆರೆದು ನೋಡಿಯಾಗಿತ್ತು, ರಿಪೇರಿಯವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದದ್ದೂ ಆಗಿತ್ತು. ಅವನು ಹುಬ್ಬಳ್ಳಿಯಿಂದ ಗಾಡಿ ಹೊಡೆದುಕೊಂಡು ಬಂದು ಕಂಪ್ಯೂಟರಿನ ಮುಂದೆ ಬೆವರುತ್ತ ಕೂತಿದ್ದ. ಅವ್ವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿದೆ. ಅವಳ ಬರಿ ಹಣೆ ನೋಡಲು ನನಗೆ ಇನ್ನೂ ರೂಢಿಯಾಗಿರಲಿಲ್ಲ.

ಕಾಕಾ ಹೇಳಿದ, “ನನ್ನ ಕಣ್ಣ ಮುಂದ ತಗದಳ್ರೀ ವೈನಿ. ನಾ ಹೋದ ಮ್ಯಾಲ ಮತ್ತ ಬರದಾಳ.”

“ನಾ ಬರದಿಲ್ಲ!” ಅಂತ ಕೂಗಿಬಿಟ್ಟೆ. ಗಿರಣಿಯವನು ಇಣುಕಿ ನೋಡಿದ.

ರಿಪೇರಿಯವನು ಕೇಳಿದ, “ಅಕ್ಕಾರ, ಮುಚ್ಚೂವಾಗ ಯಾವುದಕ್ಕ ಟಿಕ್ ಹಚ್ಚತೀರಿ?”

“ನೀ ಹೇಳಿದ್ದಕ್ಕ. ಎರಡನೇದಕ್ಕ.”

ಅವನು ಹಣೆ ಬಡಿದುಕೊಂಡ. “ಮತ್ತ ಹೆಂಗ ಉಳೀತೈತ್ರಿ? ಎರಡನೇದು ಅಂದ್ರ ಇವತ್ತ ಒಳಗ ಮಾಡಿದ್ದೆಲ್ಲಾ ಒಗದಬಿಡು ಅಂತ. ವೈರಸ್ ಬರಬಾರ್ದು ಅಂತ ಹಂಗ ಮಾಡಿದ್ದೆ. ನೀವು ಒಳಗ ಏನ ಮಾಡ್ರಿ, ಮುಚ್ಚಿದ ಕೂಡ್ಲೇ ಅದು ನಾ ಹಾಕಿ ಕೊಟ್ಟ ದಿನಕ್ಕ ಹೊಳ್ಳಿ ಹೋಗ್ತೈತಿ. ಝಡ್‌ದಾಗ ಇಟ್ಟಿದ್ದಷ್ಟ ಉಳೀತೈತಿ, ಅದು ಹೊರಗಿಂದಲ್ರೀ.”

“ಇದನ್ನ ಹೇಳಿದ್ದೇನು ನೀನು?”

“ಹೇಳಿದ್ದೆ ಅನಸ್ತೈತ್ರೀ.”

“ಅನಸ್ತೈತಿ!” ನನಗೆ ಅವನ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ವೈರಸ್ಸಿನ ಹೆಸರಿನಲ್ಲಿ ನನ್ನ ಕೈಯಿಂದ ದಿನಾ ಅಪ್ಪನ ಸಾವು ಬರೆಸಿದ್ದ ಮಹಾನುಭಾವ. ಕಾಕಾ ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿದ. ಅವನಿಗೆ ಪೂರ್ತಿ ತಿಳಿಯಲಿಲ್ಲ, ಆದರೆ ನಾನು ಸುಳ್ಳು ಹೇಳಿರಲಿಲ್ಲ ಅನ್ನುವಷ್ಟು ತಿಳಿಯಿತು. “ಇಂಥಾ ಹುಚ್ಚ ಮಶೀನು ಯಾರ ಹೇಳಿದ್ರ ತಗೋಳಾಕ,” ಎಂದು ಗೊಣಗಿದ.

ಅವ್ವ ಮಾತ್ರ ಅದನ್ನೆಲ್ಲ ಬಿಟ್ಟು ಬೇರೆ ಏನೋ ಹಿಡಿದುಕೊಂಡಿದ್ದಳು.

“ಹಂಗಾರ ಒಳಗ ಇನ್ನೂ ಆ ದಿನಾ ನಡದೈತೇನು?” ಅಂತ ರಿಪೇರಿಯವನನ್ನು ಕೇಳಿದಳು.

“ಹೂಂನ್ರಿ ಅವ್ವಾರ. ದಿನಾ ಅದ ದಿನಾ.”

“ಅವರು ಬರಸಿದ್ದು ಐತಿ?”

“ಏನೇನಿತ್ತೋ ಎಲ್ಲಾ ಹಂಗ ಐತ್ರಿ.”

ಅವ್ವ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಬಂದಳು. ಅವಳು ಊರ ಸಾಲೆಯಲ್ಲಿ ಕಲಿತದ್ದು ಸ್ವಲ್ಪ. ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಾಳೆ. ದೇವರ ಹೆಸರಿನಿಂದ ಶುರುಮಾಡಿ, ತಂಗಿಯ ಹೆಸರು ದಾಟಿ, ಬೀಗರ ಹೆಸರು ದಾಟಿ, ಬೆರಳು ಕೆಳಗೆ ಇಳಿಯಿತು. ‘ಬಯಸುವವರು’ ಎಂಬಲ್ಲಿಗೆ ಬಂತು. ಮುಂದಿನ ಸಾಲಿನಲ್ಲಿ ನಿಂತಿತು. ತನ್ನ ಹೆಸರನ್ನು ಅವಳು ಎರಡೆರಡು ಸಲ ಓದಿದಳು.

“ಇದನ್ನ ನೀ ಬರದೀ?”

“ಇಲ್ಲವಾ, ಅಪ್ಪ ಬರಸ್ಯಾನ. ಮೊದಲ ಆಕಿ ಹೆಸರು, ನಾ ಆಕಿ ಹಿಂದ ನಿಂದರತೇನಿ ಅಂದ. ಅಚ್ಚಾದ ಮ್ಯಾಲ ಆಕಿ ತಾನ ಓದ್ಲಿ, ಈಗ ಹೇಳಬ್ಯಾಡ ಅಂದಿದ್ದ.”

ಅವ್ವ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಪರದೆಗೆ ಹತ್ತಿದ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಕಾಕಾ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ.

“ಬರೀ,” ಅಂದಳು ನನಗೆ. “ಅವರ ಹೆಸರಿನ ಮುಂದ ಅದೇನ ಬರೀಬೇಕೋ ಬರೀ. ಅವರು ಇಲ್ಲ, ಖರೇ. ಅದನ್ನ ಬರೀಬೇಕು. ಆದ್ರ ನಾ ಅದೇನಿ ಅಲ್ಲ? ನಾನೂ ಇಲ್ಲ ಅಂತ ಯಾಕ ಬರೀತೀ?”

ಅವ್ವ ಕಾಕಾನ ಕಡೆ ತಿರುಗಿ, “ನಿಮ್ಮ ಹೆಸರೂ ಇರ್ಲಿ, ಕೆಳಗ. ಎಲ್ಲಾ ಓಡ್ಯಾಡಾಕತ್ತವರು ನೀವ,” ಅಂದಳು. ಕಾಕಾ, “ಆತ್ರಿ ವೈನಿ,” ಅಂದ. ಚಾ ಹೇಳಿ ಬರುತ್ತೇನೆಂದು ಹೊರಗೆ ಹೋದ.

ನಾನು ಬರೆದೆ. ಅಯ್ಯನವರು ಕೊಟ್ಟ ಮುಹೂರ್ತದ ವೇಳೆಯನ್ನು ಖಾಲಿ ಜಾಗದಲ್ಲಿ ತುಂಬಿದೆ. ಮೇಲೆ ‘ಲಿಂ.’ ಅಂತ ಅಪ್ಪನ ಹೆಸರು. ಕೆಳಗೆ ಬಯಸುವವರಲ್ಲಿ ಮೊದಲು ಅವ್ವನ ಹೆಸರು, ಅದರ ಹಿಂದೆ ಕಾಕಾ ಮತ್ತು ಕಾಕು, ಕಾಕುವಿನ ಹೆಸರನ್ನೂ ಬಿಡಿಸಿ ಬರೆದೆ. ರಿಪೇರಿಯವನು ಹಿಂದೆ ನಿಂತು, ಝಡ್‌ನಾಗ ಇಡ್ರಿ, ಝಡ್‌ನಾಗ ಇಡ್ರಿ ಎಂದು ಹೇಳುತ್ತಲೇ ಇದ್ದ. ಪಿಡಿಎಫ್ ಮಾಡಿ ಇಟ್ಟೆ. ಹೊರಗೆ ಬಂದು ತೆರೆದೆ. ಪ್ರಿಂಟರು ಕಾಗದ ಉಗುಳಿತು. ಅವ್ವ ಅದನ್ನು ಬಿಸಿಬಿಸಿಯಾಗಿರುವಾಗಲೇ ಕೈಗೆ ತಗೊಂಡಳು.

ಪತ್ರಗಳು ಪ್ರೆಸ್ಸಿನಿಂದ ಅಮ್ಮಿನಬಾವಿಗೆ ಬಂದಾಗ ಮೊದಲಿನದಕ್ಕೆ ಅರಿಷಿಣ ಕುಂಕುಮ ಹಚ್ಚಿ ದೇವರ ಮುಂದೆ ಇಡಬೇಕಲ್ಲ, ಕಾಕು ಬಟ್ಟಲು ಹಿಡಿದು ನಿಂತಿದ್ದಳು. ಕಾಕಾ ಆ ಬಟ್ಟಲು ಇಸಿದುಕೊಂಡು ಅವ್ವನ ಮುಂದೆ ಇಟ್ಟ. “ನೀವ ಹಚ್ಚರಿ ವೈನಿ. ಹೆಸರು ನಿಮ್ಮದ ಮೊದಲ ಐತಿ.” ನೆರೆದ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವ್ವ ಹಚ್ಚಿದಳು. ಲಗ್ನದ ದಿನ ಅಕ್ಕಿಕಾಳು ಹಾಕುವಾಗಲೂ ಅವಳು ತಂಗಿಯ ಹತ್ತಿರವೇ, ಮುಂದೆಯೇ ನಿಂತಿದ್ದಳು. ಅಂದವರು ಅಂದುಕೊಂಡಿರಬಹುದು, ನಮ್ಮ ಕಿವಿಗೆ ಬೀಳಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಅವತ್ತು ಅಂಗಡಿಯಲ್ಲಿ, ಎಲ್ಲರೂ ಚಾ ಕುಡಿದು ಏಳುವ ಹೊತ್ತಿಗೆ, ನಾನು ಒಳಗಿನ ಕಂಪ್ಯೂಟರನ್ನು ಮುಚ್ಚಲು ಹೋದೆ. ಅದು ಎಂದಿನಂತೆ ಕೇಳಿತು. ಈ ಸಲ ಓದಿದೆ. ಮೊದಲನೆಯದು, ಇವತ್ತಿನ ಬದಲಾವಣೆಗಳನ್ನು ಕಾಯಂ ಮಾಡಲೇ ಎಂದು. ಎರಡನೆಯದು, ಒಗೆದುಬಿಡಲೇ ಎಂದು.

“ಮೊದಲನೇದಕ್ಕ ಹಚ್ಚರಿ ಅಕ್ಕಾರ,” ಅಂದ ರಿಪೇರಿಯವನು. “ಇನ್ನ ಮ್ಯಾಲ ಒಳಗೂ ಹೊಸಾದ ಇರ್ತೈತಿ. ಗೊಂದಲ ಬ್ಯಾಡ.”

ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಅವ್ವ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದವಳು ತಿರುಗಿ ನೋಡಿದಳು.

“ಹೊರಗಿಂದು ಒಳಗಿಂದಕ್ಕ ಗೊತ್ತಾಗ್ತೈತೇನೋ ತಮ್ಮಾ?”

“ಇಲ್ಲರೀ ಅವ್ವಾರ. ನಾವು ಹೇಳದ ಹೊರತು ಗೊತ್ತಾಗಂಗಿಲ್ಲ.”

“ಹಂಗಾರ ಇರ್ಲಿ ಬಿಡ್ರಿ,” ಅಂದಳು ಅವ್ವ. “ಅದಕ್ಕ ಯಾರೂ ಹೇಳಬ್ಯಾಡ್ರಿ.”

ರಿಪೇರಿಯವನು ಅರ್ಥವಾಗದೆ ನಮ್ಮಿಬ್ಬರನ್ನೂ ನೋಡಿದ. ನಾನು ಎರಡನೆಯದಕ್ಕೆ ಟಿಕ್ ಹಚ್ಚಿ ಒತ್ತಿದೆ.